ಪುಣೆಯಿಂದ ಮರಳಿದ ಮಗಳು: ಸಾಕ್ಷಿ, ಪರಿಹಾರ, ಮದುವೆ

ಪ್ರಶ್ನೆ: ನಾನು ಧಾರವಾಡದಲ್ಲಿ ಅಂಗನವಾಡಿ ಕಾರ್ಯಕರ್ತೆ. ನನ್ನ ಅಕ್ಕನ ಮಗಳು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯವಳು. ಪಿಯುಸಿ ಮೊದಲ ವರ್ಷದಲ್ಲಿದ್ದಾಗ, ಹದಿನೇಳನೆಯ ವಯಸ್ಸಿನಲ್ಲಿ, ಅದೇ ಊರಿನ ಹೆಂಗಸೊಬ್ಬಳು ಪುಣೆಯ ಹೋಟೆಲಿನಲ್ಲಿ ಕೆಲಸ ಕೊಡಿಸುತ್ತೇನೆಂದು ಕರೆದೊಯ್ದು ಮಾರಿಬಿಟ್ಟಳು. ವರ್ಷದ ಮೇಲೆ ಪೊಲೀಸರು ದಾಳಿ ಮಾಡಿ ಬಿಡಿಸಿದರು. ಕೆಲವು ತಿಂಗಳು ಅಲ್ಲಿನ ಆಶ್ರಯಗೃಹದಲ್ಲಿದ್ದು ಈಗ ಮನೆಗೆ ಬಂದಿದ್ದಾಳೆ. ಹತ್ತೊಂಬತ್ತು ತುಂಬಿದೆ. ರಾತ್ರಿ ನಿದ್ದೆ ಇಲ್ಲ, ಯಾರೊಂದಿಗೂ ಮಾತಿಲ್ಲ. ಪುಣೆಯ ನ್ಯಾಯಾಲಯದಿಂದ ಸಾಕ್ಷಿ ಹೇಳಲು ಸಮನ್ಸ್ ಬಂದಿದೆ. ಆ ಹೆಂಗಸು ಜಾಮೀನಿನ ಮೇಲೆ ಊರಿಗೆ ಬಂದಿದ್ದಾಳೆ. ಕೇಸು ಹಿಂದಕ್ಕೆ ತೆಗೆದುಕೊಂಡರೆ ಎರಡು ಲಕ್ಷ ಕೊಡುತ್ತೇನೆ, ಇಲ್ಲದಿದ್ದರೆ ಎಲ್ಲವನ್ನೂ ಊರಿಗೆ ಹೇಳುತ್ತೇನೆ ಎಂದು ಹೇಳಿ ಕಳಿಸುತ್ತಿದ್ದಾಳೆ. ಹಣ ತೆಗೆದುಕೊಂಡು, ಹುಡುಗಿಯನ್ನು ನಮ್ಮ ತಮ್ಮನಿಗೇ, ಅಂದರೆ ಅವಳ ಸೋದರಮಾವನಿಗೇ ಕೊಟ್ಟು ಮದುವೆ ಮಾಡಿಬಿಡೋಣ ಎಂದು ಭಾವ ಅವಸರ ಮಾಡುತ್ತಿದ್ದಾರೆ. ಅವಳು ನನ್ನ ಬಳಿ ಮಾತ್ರ ಒಂದು ಮಾತು ಆಡಿದಳು: "ಚಿಕ್ಕವ್ವ, ನಿನ್ನ ಹತ್ತಿರ ಬಂದು ಇರಲೇ?" ಅವಳು ಸಾಕ್ಷಿ ಹೇಳಬೇಕೇ? ಮೊದಲಿನಂತೆ ಆಗುತ್ತಾಳೆಯೇ? ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಅವಸರದ್ದು ಆ ಎರಡು ಲಕ್ಷದ ವಿಷಯ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಭಾವನವರಿಗೆ ನಿಧಾನವಾಗಿ ಕೂರಿಸಿ ಹೇಳಿ: ಈ ಮೊಕದ್ದಮೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ನಿಮ್ಮ ಮನೆಯವರಿಗೆ ಇಲ್ಲವೇ ಇಲ್ಲ. ಹದಿನೆಂಟರೊಳಗಿನ ಹುಡುಗಿಯ ಸಾಗಣೆ, ಅವಳ ಮೇಲಿನ ಲೈಂಗಿಕ ದೌರ್ಜನ್ಯ, ಇವು ರಾಜಿಯಾಗಬಹುದಾದ ಅಪರಾಧಗಳಲ್ಲ. ಪ್ರಕರಣ ನಡೆಸುತ್ತಿರುವುದು ಸರ್ಕಾರ. ಹಾಗಾದರೆ ಆ ಹೆಂಗಸು ಯಾವುದಕ್ಕೆ ಹಣ ಕೊಡಲು ಬಂದಿದ್ದಾಳೆ? ಹುಡುಗಿ ಕಟಕಟೆಯಲ್ಲಿ ನಿಂತು "ನನಗೆ ಇವಳು ಯಾರೆಂದು ಗೊತ್ತಿಲ್ಲ" ಎಂದು ಹೇಳಲಿ ಎಂಬುದಕ್ಕೆ. ಅವಳನ್ನು ಎರಡನೆಯ ಸಲ ಕೊಳ್ಳಲು ಬಂದಿದ್ದಾಳೆ, ಈ ಸಲ ತಂದೆಯ ಕೈಯಿಂದ. ನಾನು ಇಷ್ಟು ಕಟುವಾಗಿ ಬರೆಯುವುದಕ್ಕೆ ಕಾರಣವಿದೆ: ಇಂಥ ರಾಜಿಯ ಹಣ ಮನೆಗೆ ಬಂದ ಮೇಲೆ ಆ ಹುಡುಗಿಯರು ತಂದೆ ತಾಯಿಯ ಮುಖವನ್ನು ನೇರವಾಗಿ ನೋಡಲಾರದಂತೆ ಆಗುವುದನ್ನು ಕಂಡಿದ್ದೇನೆ.

ಬೆದರಿಕೆಯದ್ದೇ ಇನ್ನೊಂದು ಅಪರಾಧ. ಸುಳ್ಳು ಸಾಕ್ಷಿ ಹೇಳುವಂತೆ ಹೆದರಿಸುವುದು ಈಗಿನ ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಮಿನ ಪ್ರಕಾರ ಶಿಕ್ಷಾರ್ಹ. ಯಾರು, ಯಾವ ದಿನ, ಯಾರ ಮೂಲಕ, ಯಾವ ಮಾತು ಹೇಳಿ ಕಳಿಸಿದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊಬೈಲಿಗೆ ಕರೆ ಅಥವಾ ಸಂದೇಶ ಬಂದಿದ್ದರೆ ಅಳಿಸಬೇಡಿ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತ ದೂರು ಕೊಟ್ಟು, ಅದರ ಪ್ರತಿಯನ್ನು ಪುಣೆಯ ತನಿಖಾಧಿಕಾರಿಗೂ ಸರ್ಕಾರಿ ಅಭಿಯೋಜಕರಿಗೂ ಕಳಿಸಿ. ಅದರ ಆಧಾರದ ಮೇಲೆ ಜಾಮೀನು ರದ್ದು ಮಾಡಿಸಲು ಅಭಿಯೋಜಕರು ನ್ಯಾಯಾಲಯವನ್ನು ಕೇಳಬಹುದು. ಆರೋಪಿಯ ಜಾಮೀನಿನ ವಿಚಾರಣೆಯಲ್ಲಿ ಸಂತ್ರಸ್ತರ ಮಾತನ್ನೂ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇದಲ್ಲದೆ 2018ರ ಸಾಕ್ಷಿ ರಕ್ಷಣಾ ಯೋಜನೆ ಇದೆ. ಅದರಡಿ ಅರ್ಜಿ ಹಾಕಿದರೆ ಬೆದರಿಕೆ ಎಷ್ಟು ಗಂಭೀರ ಎಂಬುದರ ಬಗ್ಗೆ ಪೊಲೀಸರಿಂದ ವರದಿ ತರಿಸಿಕೊಂಡು, ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಬೇಕಾದ ರಕ್ಷಣೆಗೆ ಆದೇಶ ಮಾಡುತ್ತದೆ. ನಿಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದರೆ ಈ ಎಲ್ಲ ಅರ್ಜಿಗಳನ್ನು ಬರೆದುಕೊಡಲು ಉಚಿತವಾಗಿ ವಕೀಲರನ್ನು ನೇಮಿಸುತ್ತಾರೆ. ಮಹಿಳೆಯರಿಗೂ ಮಾನವ ಸಾಗಣೆಗೆ ಒಳಗಾದವರಿಗೂ ಆದಾಯ ನೋಡದೆ ಈ ನೆರವು ಸಿಗಬೇಕೆಂದು ಕಾನೂನಿದೆ. 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ.

"ಊರಿಗೆಲ್ಲ ಹೇಳುತ್ತೇನೆ" ಎಂಬ ಮಾತು ನಿಮ್ಮನ್ನು ಹೆಚ್ಚು ಹೆದರಿಸಿದೆ ಎಂದು ಪತ್ರದಿಂದಲೇ ತಿಳಿಯುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳ ಹೆಸರು, ಗುರುತು ಬಯಲು ಮಾಡಿ ಪ್ರಕಟಿಸುವುದು ಎರಡು ವರ್ಷದವರೆಗೆ ಜೈಲಿಗೆ ಕಳಿಸಬಹುದಾದ ಅಪರಾಧ. ಆದರೆ ಹಳ್ಳಿಯ ಕಟ್ಟೆಯ ಮೇಲಿನ ಪಿಸುಮಾತನ್ನು ಯಾವ ಕಾನೂನೂ ಪೂರ್ತಿ ನಿಲ್ಲಿಸದು, ಆ ಭರವಸೆಯನ್ನು ನಾನು ಕೊಡಲಾರೆ. ಊರಿಗೆ ಅರ್ಧ ಗೊತ್ತಿರಲೂಬಹುದು. "ಅವಳೇ ಒಪ್ಪಿ ಹೋದಳಂತೆ" ಎನ್ನುವವರು ಸಿಕ್ಕರೆ ನೀವು ತಲೆ ತಗ್ಗಿಸಬೇಕಾಗಿಲ್ಲ. ಮಾನವ ಸಾಗಣೆಯ ಕಲಮು, ಹಳೆಯ ದಂಡ ಸಂಹಿತೆಯಲ್ಲಿ 370, 2024ರ ಜುಲೈ 1ರ ನಂತರದ ಅಪರಾಧಗಳಿಗೆ ನ್ಯಾಯ ಸಂಹಿತೆಯ 143, ಸಂತ್ರಸ್ತೆಯ ಒಪ್ಪಿಗೆಗೆ ಬೆಲೆಯೇ ಇಲ್ಲ ಎಂದು ಹೇಳುತ್ತದೆ. ಹೋಟೆಲ್ ಕೆಲಸಕ್ಕೆಂದು ಬಸ್ ಹತ್ತಿದವಳು ಒಪ್ಪಿದ್ದು ಹೋಟೆಲ್ ಕೆಲಸಕ್ಕೆ ಮಾತ್ರ. ಅಪ್ರಾಪ್ತೆಯನ್ನು ಸಾಗಿಸಿದವರಿಗೆ ಶಿಕ್ಷೆ ಹತ್ತು ವರ್ಷಕ್ಕೆ ಕಡಿಮೆ ಇರುವಂತಿಲ್ಲ, ಜೀವಾವಧಿಯವರೆಗೂ ಹೋಗಬಹುದು. ಆ ಹೆಂಗಸು ಎರಡು ಲಕ್ಷ ಹೊಂದಿಸಿಕೊಂಡು ಬಂದಿರುವುದು ಇದು ಗೊತ್ತಿದ್ದೇ.

ಈಗ ಸಾಕ್ಷಿಯ ಪ್ರಶ್ನೆ. ಸಮನ್ಸ್ ಬಂದಿದೆ ಎಂದ ಮೇಲೆ ಸುಮ್ಮನಿರುವುದು ಸರಿಯಾಗದು; ಹಾಜರಾಗದಿದ್ದರೆ ವಾರಂಟ್ ಹೊರಡಬಹುದು. ಆದರೆ ಹೇಗೆ ಹಾಜರಾಗಬೇಕು ಎಂಬುದರಲ್ಲಿ ನಿಮಗೆ ತಿಳಿಯದಷ್ಟು ಅನುಕೂಲಗಳಿವೆ, ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಪುಣೆಗೆ ಹೋಗದೆ, ನಿಮ್ಮ ಜಿಲ್ಲಾ ನ್ಯಾಯಾಲಯದಿಂದಲೇ ವಿಡಿಯೊ ಮೂಲಕ ಸಾಕ್ಷಿ ಹೇಳಲು ಅನುಮತಿ ಕೇಳಬಹುದು. ವಿಡಿಯೊ ಸಾಕ್ಷ್ಯವನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದು 2003ರಲ್ಲಿ. 2022ರಲ್ಲಿ ಅದೇ ನ್ಯಾಯಾಲಯ, ದುರ್ಬಲ ಸಾಕ್ಷಿಗಳಿಗಾಗಿ ಪ್ರತ್ಯೇಕ ಕೇಂದ್ರಗಳನ್ನು ಮಾಡಬೇಕೆಂದು ಆದೇಶಿಸಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಯಾವ ವಯಸ್ಸಿನವರಾದರೂ ಆ ವರ್ಗಕ್ಕೆ ಸೇರುತ್ತಾರೆ ಎಂದಿತು. ಆದ್ದರಿಂದ "ಈಗ ಅವಳಿಗೆ ಹದಿನೆಂಟು ದಾಟಿದೆಯಲ್ಲ" ಎಂದು ಯಾರಾದರೂ ಕೈ ಚೆಲ್ಲಿದರೆ ಬಿಡಬೇಡಿ. ಆರೋಪಿ ಕಣ್ಣಿಗೆ ಬೀಳದಂತೆ ಪರದೆ, ಮುಚ್ಚಿದ ಬಾಗಿಲಿನ ವಿಚಾರಣೆ, ಪಕ್ಕದಲ್ಲಿ ಅವಳು ನಂಬುವ ಒಬ್ಬರು, ಇಷ್ಟನ್ನೂ ಅರ್ಜಿಯಲ್ಲಿ ಒಂದೊಂದಾಗಿ ಬರೆಸಿ.

ಭಾಷೆಯ ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ದಾಳಿಯ ರಾತ್ರಿ ಅವಳ ಹೇಳಿಕೆಯನ್ನು ಮರಾಠಿಯಲ್ಲಿ ಬರೆದುಕೊಂಡಿರುತ್ತಾರೆ. ನಡುವೆ ಯಾರೋ ಅರೆಬರೆ ಕನ್ನಡ ಬಲ್ಲವರು ಅನುವಾದಿಸಿರಬಹುದು, ಅವಳು ಹೆದರಿಕೆಯಲ್ಲಿ ತಲೆಯಾಡಿಸಿರಬಹುದು. ಈಗ ಅದಕ್ಕೂ ಇದಕ್ಕೂ ಹೊಂದುವುದಿಲ್ಲ ಎಂದು ಪ್ರತಿವಾದಿ ವಕೀಲರು ಹಿಡಿಯುವುದು ಇಲ್ಲಿಯೇ. ಆಗಿನ ಹೇಳಿಕೆಗಳ ಪ್ರತಿಯನ್ನು ವಕೀಲರ ಮೂಲಕ ತರಿಸಿ, ಸಾಕ್ಷಿಯ ದಿನಕ್ಕೆ ಸಾಕಷ್ಟು ಮೊದಲೇ ಅವಳಿಗೆ ಕನ್ನಡದಲ್ಲಿ ಓದಿ ಹೇಳಿಸಿ. ತಪ್ಪಾಗಿ ದಾಖಲಾದದ್ದು ಕಂಡರೆ ಅಭಿಯೋಜಕರಿಗೆ ಮುಂಚೆಯೇ ತಿಳಿಸಿ. ನ್ಯಾಯಾಲಯದಲ್ಲಿ ಅವಳು ಕನ್ನಡದಲ್ಲೇ ಹೇಳಬಹುದು, ದುಭಾಷಿಯನ್ನು ಒದಗಿಸಬೇಕಾದದ್ದು ನ್ಯಾಯಾಲಯ.

ಹೆಸರು ಮತ್ತು ವಯಸ್ಸಿನ ಗೋಜಲೂ ಅಲ್ಲಿಯೇ ಇರುತ್ತದೆ. ಇಂಥ ವೇಶ್ಯಾಗೃಹಗಳಲ್ಲಿ ಹುಡುಗಿಯರಿಗೆ ಹೊಸ ಹೆಸರು ಇಡುತ್ತಾರೆ. ಪೊಲೀಸರು ಬಂದರೆ ಇಪ್ಪತ್ತೊಂದು ಎಂದು ಹೇಳು, ಊರು ಬೇರೆ ಹೇಳು ಎಂದು ಬಾಯಿಪಾಠ ಮಾಡಿಸುತ್ತಾರೆ. ಸುಳ್ಳು ಆಧಾರ್ ಮಾಡಿಸುವುದೂ ಉಂಟು. ಹೀಗಾಗಿ ದಾಖಲೆಯಲ್ಲಿ ಒಬ್ಬಳು, ಮನೆಯಲ್ಲಿ ಇನ್ನೊಬ್ಬಳು ಎಂಬಂತೆ ಆಗಿಬಿಡುತ್ತದೆ. ವಯಸ್ಸಿನ ವಿಷಯದಲ್ಲಿ ಕಾನೂನು ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದು ಇಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದಾಗ ಮಾತ್ರ ಮೂಳೆಯ ಪರೀಕ್ಷೆ. ನಿಮ್ಮ ಹುಡುಗಿ ಪಿಯುಸಿಗೆ ಸೇರಿದ್ದವಳು, ಅಂಕಪಟ್ಟಿ ಇದ್ದೇ ಇರುತ್ತದೆ. ಅದನ್ನು ಜೋಪಾನ ಮಾಡಿ. ಆಗ ಅವಳು ಅಪ್ರಾಪ್ತೆ ಎಂದು ಸಾಬೀತಾದರೆ ಇಡೀ ಪ್ರಕರಣದ ತೂಕವೇ ಬದಲಾಗುತ್ತದೆ. ಆ ಅವಧಿಯಲ್ಲಿ ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ, ಸಿಮ್ ಕಾರ್ಡ್, ಸಾಲ ಏನಾದರೂ ಹುಟ್ಟಿಕೊಂಡಿದೆಯೇ ಎಂಬುದನ್ನೂ ಪರಿಶೀಲಿಸಿ.

ಪರಿಹಾರಧನದ ಬಗ್ಗೆ ನೀವು ಕೇಳಿಲ್ಲ. ಬಹುಶಃ ಅಂಥದ್ದೊಂದು ಇದೆ ಎಂದು ನಿಮಗೆ ಯಾರೂ ಹೇಳಿಲ್ಲ. ಭಾವನವರ ಕಣ್ಣಿಗೆ ಎರಡು ಲಕ್ಷ ದೊಡ್ಡದಾಗಿ ಕಾಣುತ್ತಿರುವುದರಿಂದ ಇದನ್ನು ಅವರಿಗೆ ಓದಿ ಹೇಳಿ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ರೂಪಿಸಿ, 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ ಒಳಗಾದವಳಿಗೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರವಾದರೆ 5ರಿಂದ 10 ಲಕ್ಷ ರೂಪಾಯಿ ಎಂದಿದೆ. ಅಪ್ರಾಪ್ತೆಯಾಗಿದ್ದರೆ ಅದರ ಮೇಲೆ ಅರ್ಧದಷ್ಟು ಹೆಚ್ಚು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾನೂನಾದ ಪೋಕ್ಸೊದ ಪ್ರಕರಣದಲ್ಲಿ ತೀರ್ಪಿಗೆ ಕಾಯದೆ ಮಧ್ಯಂತರ ಪರಿಹಾರ ಕೇಳಬಹುದು. ಆರೋಪಿ ಸಿಗದಿದ್ದರೂ, ಬಿಡುಗಡೆಯಾದರೂ ಹುಡುಗಿಗೆ ಹಾನಿಯಾಗಿದೆ ಎಂದು ವಿಶೇಷ ನ್ಯಾಯಾಲಯಕ್ಕೆ ಅನ್ನಿಸಿದರೆ ಪರಿಹಾರ ಕೊಡಿಸಬಹುದು. ಅರ್ಜಿಯನ್ನು ವಿಶೇಷ ನ್ಯಾಯಾಲಯಕ್ಕೆ ಅಥವಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಹಾಕಬೇಕು. ಇದು ತಾನಾಗಿ ಬರುವ ಹಣವಲ್ಲ, ಓಡಾಟವಿದೆ, ತಡವೂ ಆಗುತ್ತದೆ. ಯೋಜನೆಯಂತೆ ವಯಸ್ಕಳಿಗೆ ಸಾಮಾನ್ಯವಾಗಿ ಮುಕ್ಕಾಲು ಪಾಲನ್ನು ಮೂರು ವರ್ಷ ಠೇವಣಿ ಇಟ್ಟು ಕಾಲುಭಾಗವನ್ನು ತಕ್ಷಣದ ಖರ್ಚಿಗೆ ಬಿಡುತ್ತಾರೆ.

ಖಾತೆ ಅವಳೊಬ್ಬಳ ಹೆಸರಿನಲ್ಲಿರಲಿ. ತಂದೆಯೊಂದಿಗೆ ಜಂಟಿ ಖಾತೆ ಬೇಡ, ಎಟಿಎಂ ಕಾರ್ಡ್ ಅವಳ ಬಳಿಯೇ ಇರಲಿ. ಅವಳ ದುಡಿಮೆಯ ಒಂದು ಪೈಸೆಯೂ ಪುಣೆಯ ಆ ಮನೆಯಲ್ಲಿ ಅವಳ ಕೈಗೆ ಬಂದಿಲ್ಲ. ನಿನ್ನನ್ನು ತರಲು ಇಷ್ಟು ಕೊಟ್ಟಿದ್ದೇವೆ, ಬಟ್ಟೆಗೆ ಇಷ್ಟು, ಊಟಕ್ಕೆ ಇಷ್ಟು, ತೀರಿಸುವವರೆಗೆ ಹೊರಗೆ ಹೋಗುವಂತಿಲ್ಲ ಎಂಬ ಲೆಕ್ಕದಲ್ಲೇ ಇಂಥ ಹುಡುಗಿಯರನ್ನು ಕಟ್ಟಿಹಾಕುತ್ತಾರೆ. ಬಿಡುಗಡೆಯಾದ ಮೇಲೂ ಆ "ಸಾಲ" ಬಾಕಿ ಇದೆ ಎಂದು ನಂಬಿಕೊಂಡಿರುವವರಿದ್ದಾರೆ. ನಿಮ್ಮ ಹುಡುಗಿ ಹಾಗೆ ಏನಾದರೂ ಆಡಿದರೆ, ಅಂಥ ಸಾಲ ಯಾವ ಕಾನೂನಿನಲ್ಲೂ ಸಾಲವಲ್ಲ ಎಂದು ನೇರವಾಗಿ ಹೇಳಿ. ಅವಳು ಅಲ್ಲಿನ ಯಾರನ್ನಾದರೂ, ಊಟ ಬಡಿಸುತ್ತಿದ್ದ ಹಿರಿಯಳನ್ನೋ ಜೊತೆಗಿದ್ದ ಗೆಳತಿಯನ್ನೋ, ನೆನೆದು ಅತ್ತರೂ ಬೈಯಬೇಡಿ. ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿದ ಬಾಗಿಲ ಹಿಂದೆ ಅವಳಿಗಿದ್ದ ಮನುಷ್ಯರು ಅವರಷ್ಟೇ.

ನಿದ್ದೆ ಇಲ್ಲದಿರುವುದು, ಮಾತು ನಿಂತಿರುವುದು, ಬಾಗಿಲು ಬಡಿದರೆ ಬೆಚ್ಚುವುದು, ಸ್ನಾನಕ್ಕೆ ಬಹಳ ಹೊತ್ತು ತೆಗೆದುಕೊಳ್ಳುವುದು, ಸಣ್ಣದಕ್ಕೆ ಸಿಡಿಯುವುದು, ಇವೆಲ್ಲ ಇಷ್ಟು ದೊಡ್ಡ ಹಿಂಸೆಯ ನಂತರ ದೇಹ ಮತ್ತು ಮನಸ್ಸು ತೋರಿಸುವ ಲಕ್ಷಣಗಳು. ಇದಕ್ಕೆ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿಸಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯೇ, ಡಿಮ್ಹಾನ್ಸ್, ಇದೆ. ನಡುರಾತ್ರಿ ಅವಳಿಗೆ ತಡೆಯಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿ ಮಾತನಾಡುವ ಆಪ್ತಸಮಾಲೋಚಕರು ಸಿಗುತ್ತಾರೆ. ಸಾಯುವ ಮಾತು ಆಡಿದರೆ ಅದನ್ನು ಬಾಯಿಮಾತೆಂದು ತಳ್ಳಿಹಾಕದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಯಾರೂ "ಅಲ್ಲಿ ಏನೇನಾಯಿತು" ಎಂದು ಕೆದಕಬಾರದು. ಪೊಲೀಸರಿಗೆ, ವೈದ್ಯರಿಗೆ, ಮ್ಯಾಜಿಸ್ಟ್ರೇಟರಿಗೆ, ಆಶ್ರಯಗೃಹದವರಿಗೆ ಅದನ್ನೇ ಹೇಳಿ ಹೇಳಿ ಅವಳು ಬಳಲಿದ್ದಾಳೆ. ತಾನಾಗಿ ಹೇಳಿದ ದಿನ ಕೇಳಿ. ಹೇಳದೆಯೇ ಇದ್ದರೂ ಅದು ಅವಳ ಹಕ್ಕು. ಆರೋಗ್ಯ ತಪಾಸಣೆಯ ವಿಷಯವೂ ಹಾಗೆಯೇ. ಎಚ್‌ಐವಿ ಪರೀಕ್ಷೆಯನ್ನು ಅವಳ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ, ಫಲಿತಾಂಶವನ್ನು ಅವಳ ಅನುಮತಿ ಇಲ್ಲದೆ ಮನೆಯವರಿಗೂ ಹೇಳುವಂತಿಲ್ಲ. 2017ರ ಕಾನೂನು ಇದನ್ನು ಹೇಳುತ್ತದೆ.

"ಮೊದಲಿನಂತೆ ಆಗುತ್ತಾಳೆಯೇ" ಎಂದು ಕೇಳಿದ್ದೀರಿ. ಹದಿನೇಳರ ಆ ಹುಡುಗಿ ಹಾಗೆಯೇ ಹಿಂತಿರುಗಿ ಬರುವುದಿಲ್ಲ. ಆದರೆ ಅವಳಿಗೆ ತನ್ನದೆಂದು ಹೇಳಿಕೊಳ್ಳುವ ಒಳ್ಳೆಯ ಬದುಕು ಸಾಧ್ಯ, ಇದನ್ನು ನಾನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. 1996ರ ಫೆಬ್ರವರಿಯಲ್ಲಿ ಮುಂಬೈ ಪೊಲೀಸರು ವೇಶ್ಯಾಗೃಹಗಳ ಮೇಲೆ ದಾಳಿ ಮಾಡಿ ನಾನೂರಕ್ಕೂ ಹೆಚ್ಚು ಹುಡುಗಿಯರನ್ನು ಹೊರತಂದರು. ಅವರಲ್ಲಿ ಬಹಳಷ್ಟು ಮಂದಿ ನೇಪಾಳದವರು. ಬಿಡುಗಡೆ ಎಂದು ಕರೆದು ಅವರನ್ನು ತಿಂಗಳುಗಟ್ಟಲೆ ಸರ್ಕಾರಿ ಗೃಹಗಳಲ್ಲಿ ಕೂಡಿಹಾಕಲಾಯಿತು. ಕಾಯಿಲೆ ತರುತ್ತಾರೆ ಎಂಬ ಭಯದಲ್ಲಿ ಅವರ ದೇಶವೇ ಕರೆಸಿಕೊಳ್ಳಲು ಹಿಂಜರಿಯಿತು. ಕೊನೆಗೆ ಸ್ವಯಂಸೇವಾ ಸಂಸ್ಥೆಗಳು ಮುಂದೆ ಬಂದು ನೂರಕ್ಕೂ ಹೆಚ್ಚು ಮಂದಿಯನ್ನು ಕಠ್ಮಂಡುವಿಗೆ ಕರೆದೊಯ್ದವು. ಅಲ್ಲಿ ಅವರಿಗೆ ಪೌರತ್ವದ ಕಾಗದವೂ ಇರಲಿಲ್ಲ. ಅದನ್ನು ಪಡೆಯಲು ತಂದೆಯೋ ಗಂಡನೋ ಬಂದು ನಿಲ್ಲಬೇಕಿತ್ತು, ಹಲವರ ಮನೆಯವರು ಬರಲಿಲ್ಲ. ಆ ಹುಡುಗಿಯರಲ್ಲೇ ಕೆಲವರು ಸೇರಿ "ಶಕ್ತಿ ಸಮೂಹ" ಎಂಬ ಸಂಘಟನೆ ಕಟ್ಟಿದರು. ಕಾಗದಪತ್ರಗಳಿಲ್ಲದೆ ಅದನ್ನು ನೋಂದಾಯಿಸಲು 2000ದವರೆಗೆ ಕಾಯಬೇಕಾಯಿತು. ಅವರಲ್ಲೊಬ್ಬರಾದ ಚರಿಮಾಯಾ ತಮಾಂಗ್, ತಮ್ಮನ್ನು ಮಾರಿದವರ ಮೇಲೆ ತಾವೇ ದೂರು ಕೊಟ್ಟು ಶಿಕ್ಷೆಯಾಗುವವರೆಗೆ ಬಿಡಲಿಲ್ಲ. 2013ರಲ್ಲಿ ಶಕ್ತಿ ಸಮೂಹಕ್ಕೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂದು ಅವರು ಇತರ ಹುಡುಗಿಯರಿಗೆ ಆಶ್ರಯ, ಕಾನೂನು ನೆರವು ಕೊಡುತ್ತಿದ್ದಾರೆ.

ನಿಮ್ಮ ಹುಡುಗಿ ಹೋರಾಟಗಾರ್ತಿಯಾಗಲಿ ಎಂದು ನಾನು ಇದನ್ನು ಹೇಳುತ್ತಿಲ್ಲ. ಪಿಯುಸಿ ಮುಗಿಸಿ ಒಂದು ನೌಕರಿ ಹಿಡಿದರೆ ಅಷ್ಟೇ ಸಾಕು. ಆ ನೇಪಾಳಿ ಹುಡುಗಿಯರಿಗೆ ತಿರುವು ಸಿಕ್ಕಿದ್ದು ಯಾವಾಗ ಎಂಬುದನ್ನು ಗಮನಿಸಿ: ಅವರ ಬಗ್ಗೆ ಇತರರು ನಿರ್ಧರಿಸುವುದು ನಿಂತು, ತಾವೇ ನಿರ್ಧರಿಸತೊಡಗಿದಾಗ. ಕರೆದೊಯ್ದವಳು ನಿರ್ಧರಿಸಿದಳು, ಕೊಂಡವರು ನಿರ್ಧರಿಸಿದರು, ಆಶ್ರಯಗೃಹದ ಬೀಗವೂ ಬೇರೆಯವರ ಕೈಯಲ್ಲಿತ್ತು. ಮನೆಯಲ್ಲೂ ಅದೇ ಮುಂದುವರಿದರೆ ಅವಳಿಗೆ ಮನೆ ಬೇರೆಯಾಗಿ ಕಾಣುವುದಿಲ್ಲ. ಏನು ಉಣ್ಣಬೇಕು, ಯಾರೊಂದಿಗೆ ಫೋನಿನಲ್ಲಿ ಮಾತಾಡಬೇಕು, ಯಾವ ವೈದ್ಯರನ್ನು ನೋಡಬೇಕು ಎಂಬ ಚಿಕ್ಕ ಸಂಗತಿಗಳಿಂದಲೇ ಅವಳನ್ನು ಕೇಳುವ ರೂಢಿ ಆರಂಭಿಸಿ. ಅವಳು "ಬೇಡ" ಎಂದದ್ದು ಮನೆಯಲ್ಲಿ ನಡೆಯಬೇಕು.

ಮದುವೆಯ ಬಗ್ಗೆ ನನ್ನ ಮಾತು ಇದರಲ್ಲೇ ಬಂದಂತಾಯಿತು, ಆದರೂ ಬಿಡಿಸಿ ಬರೆಯುತ್ತೇನೆ. ಮುಂದೊಂದು ದಿನ ಅವಳು ಮದುವೆಯಾಗಬಹುದು, ಆಗದಿರಬಹುದು. ಈಗಿನ ಈ ಮದುವೆ ಬೇಡ. ನಿದ್ದೆ ಮಾಡಲಾಗದ ಹುಡುಗಿಯನ್ನು ಕೇಳದೆ ಒಬ್ಬನ ಕೋಣೆಗೆ ಕಳಿಸುವುದು ಅವಳ ಪಾಲಿಗೆ ಏನೆಂದು ಅಕ್ಕನವರಿಗೆ ನೀವು ಹೆಣ್ಣುಮಕ್ಕಳಾಗಿ ಕುಳಿತು ಹೇಳಬಲ್ಲಿರಿ. ನಿಮ್ಮ ತಮ್ಮ ಒಳ್ಳೆಯವರೇ ಇರಬಹುದು, ಆದರೆ ಅವರೂ ಕರುಣೆಗೋ ಹಿರಿಯರ ಒತ್ತಾಯಕ್ಕೋ ಒಪ್ಪುತ್ತಿದ್ದರೆ ನಾಳೆ ಅದು ಮಾತಿಗೊಮ್ಮೆ ಹೊರಬರುತ್ತದೆ. ಭಾವನವರು ಯೋಚಿಸದ ಇನ್ನೊಂದು ಸಂಗತಿ ಇದೆ. ಮುಚ್ಚಿಟ್ಟು ಮದುವೆ ಮಾಡಿದರೆ ಆ ಗುಟ್ಟಿನ ಕೀಲಿ ಯಾರ ಬಳಿ ಇರುತ್ತದೆ? ಅದೇ ಹೆಂಗಸಿನ ಬಳಿ. ಇಂದು ಎರಡು ಲಕ್ಷ ಕೊಡುತ್ತೇನೆ ಎನ್ನುವವಳು ನಾಳೆ ಮದುವೆ ಉಳಿಯಬೇಕಾದರೆ ಇಷ್ಟು ಕೊಡಿ ಎಂದು ಕೇಳುತ್ತಾಳೆ.

ಕೆಲಸದ ವಿಷಯಕ್ಕೆ ಬಂದರೆ, ಆಶ್ರಯಗೃಹದಲ್ಲಿ ಅವಳಿಗೆ ಹೊಲಿಗೆ ಕಲಿಸಿರಬಹುದು. ಅವಳಿಗೆ ಇಷ್ಟವಿದ್ದರೆ ಸರಿ. ನಮ್ಮಲ್ಲಿ ಪುನರ್ವಸತಿ ಎಂದರೆ ಹೊಲಿಗೆ ಯಂತ್ರ, ಅಗರಬತ್ತಿ, ಉಪ್ಪಿನಕಾಯಿ ಎಂದು ಯಾರೋ ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ, ಅದರಿಂದ ಹೊಟ್ಟೆ ತುಂಬದೆ ಹುಡುಗಿಯರು ಮತ್ತೆ ದಲ್ಲಾಳಿಗಳ ಮಾತಿಗೆ ಕಿವಿಗೊಡುವಂತಾಗುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಸುನೀತಾ ಕೃಷ್ಣನ್ ಹೈದರಾಬಾದಿನಲ್ಲಿ 1996ರಲ್ಲಿ ಇತರರೊಂದಿಗೆ ಆರಂಭಿಸಿದ ಪ್ರಜ್ವಲಾ ಸಂಸ್ಥೆ ಇಂಥ ಹುಡುಗಿಯರಿಗೆ ವೆಲ್ಡಿಂಗ್, ಮರಗೆಲಸ, ಮುದ್ರಣದ ಕೆಲಸ ಕಲಿಸಿ ತೋರಿಸಿದೆ. ನಿಮ್ಮವಳು ಪಿಯುಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಅಥವಾ ಮುಕ್ತ ಶಾಲೆಯ ಮೂಲಕ ಮುಗಿಸಬಹುದು, ಐಟಿಐ ಸೇರಬಹುದು. ಆಯ್ಕೆಗಳನ್ನು ಮುಂದಿಟ್ಟು ಸುಮ್ಮನಿರಿ. ಉತ್ತರ ಬರಲು ತಿಂಗಳುಗಳು ಹಿಡಿಯಬಹುದು.

ಕೊನೆಗೆ ಅವಳು ನಿಮ್ಮನ್ನು ಕೇಳಿದ ಪ್ರಶ್ನೆ. ಕರೆದುಕೊಂಡು ಬನ್ನಿ. ಮಾತೇ ನಿಂತಿದ್ದವಳು ತಾನಾಗಿ ಕೇಳಿಕೊಂಡದ್ದು ಅದೊಂದೇ. ಮಾರಿದವಳು ಓಡಾಡುವ ಬೀದಿಯಿಂದ ದೂರವಿರುವುದೂ ಒಳ್ಳೆಯದು, ಚಿಕಿತ್ಸೆಗೆ ಧಾರವಾಡವೇ ಅನುಕೂಲ. ಅವಳಿಗೆ ಹತ್ತೊಂಬತ್ತು, ಎಲ್ಲಿರಬೇಕೆಂದು ನಿರ್ಧರಿಸಲು ಕಾನೂನಿನಲ್ಲಿ ತಂದೆಯ ಒಪ್ಪಿಗೆ ಬೇಕಿಲ್ಲ. ಜಗಳವಾಗದಂತೆ ಅಕ್ಕನನ್ನು ಜೊತೆಗಿಟ್ಟುಕೊಂಡು ಮಾಡಿ. ಭಾವ ತಡೆದರೆ ಮಹಿಳಾ ಸಹಾಯವಾಣಿ 181ಕ್ಕೆ ಅಥವಾ ಹಿಂಸೆಗೆ ಒಳಗಾದ ಮಹಿಳೆಯರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರಕ್ಕೆ ತಿಳಿಸಿ. ನಿಮ್ಮ ಮನೆಯಲ್ಲಿ ಅವಳಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಜಾಗ ಸಿಗುವಂತೆ ನೋಡಿಕೊಳ್ಳಿ. ನೀವು ಅಂಗನವಾಡಿಗೆ ಹೋದಾಗ ಅವಳೊಬ್ಬಳೇ ಇರುತ್ತಾಳಾದ್ದರಿಂದ ಫೋನು ಅವಳ ಬಳಿ ಇರಲಿ. ನೆರೆಯವರಿಗೆ "ಅಕ್ಕನ ಮಗಳು, ಓದಲು ಬಂದಿದ್ದಾಳೆ" ಎಂದರೆ ಸಾಕು. ಅಂಕಪಟ್ಟಿ, ಆಧಾರ್, ಆಶ್ರಯಗೃಹದಿಂದ ಬಿಡುಗಡೆಯಾದ ಆದೇಶ, ಸಮನ್ಸಿನ ಕಾಗದ ಇವನ್ನು ಬರುವಾಗಲೇ ತರಿಸಿಕೊಳ್ಳಿ. ವಿಳಾಸ ಬದಲಾದದ್ದನ್ನು ಪುಣೆಯ ತನಿಖಾಧಿಕಾರಿಗೂ ನ್ಯಾಯಾಲಯಕ್ಕೂ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ಹೊಸ ವಿಳಾಸವನ್ನು ಆರೋಪಿಗಳ ಕಡೆಯವರಿಗೆ ಸಿಗದಂತೆ ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಲು ವಕೀಲರಿಗೆ ಹೇಳಿ. ಸಮನ್ಸಿನಲ್ಲಿರುವ ದಿನಾಂಕ ಹತ್ತಿರವಿದ್ದರೆ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಕಾನೂನು ಸೇವೆಗಳ ಪ್ರಾಧಿಕಾರದ ಭೇಟಿ. ಅದಕ್ಕೆ ಈ ವಾರವೇ ಹೋಗಿ, ಅವಳು ಬರುತ್ತೇನೆ ಎಂದರೆ ಅವಳನ್ನೂ ಕರೆದುಕೊಂಡು ಹೋಗಿ.